ಕದ್ದ ಬಿಡುವುಗಳ ಚೀಲ

೧೯೭೧ನೇ ಇಸವಿ ಆಗಸ್ಟ್ ೧೭, ಮಂಗಳವಾರದ ನನ್ನ ದಿನಚರಿಯಲ್ಲಿ ಹೀಗಿದೆ: "ಮಕ್ಕಳಿಗೆ ಮಂಗನಬಾವು. ಎಲ್ಲರಿಗೂ ಗಂಜಿ. ರೇವತಿಯ ಪ್ರಶ್ನೆ: ಸತತ, ಅವಿರತ, ನಿರಂತರ, ಅಖಂಡ ಎಲ್ಲವೂ ಒಂದೇ ಅಲ್ಲವೇ ದೊಡ್ಡಮ್ಮ, ನಿಲ್ಲದೇ ಇರುವುದಕ್ಕೆ ಇಷ್ಟೊಂದು ಮಾತು ಯಾಕೆ? ತೊರೆನಾಡಿನ ಕತೆ ಹೇಳಿದೆ. ಊಟದ ಹೊತ್ತು ಮೀರಿತು." ಬಿ.ಎ.ಗೆ ಕನ್ನಡವನ್ನೇ ಐಚ್ಛಿಕವಾಗಿ ಓದಿದವಳು ನಾನು. ನಿಘಂಟು ತೆಗೆದೇ ಉತ್ತರ ಕೊಡಬಹುದಿತ್ತು. ಆದರೆ ನಿಘಂಟು ಒಂದು ಮಾತಿಗೆ ಇನ್ನೊಂದು ಮಾತನ್ನು ತೋರಿಸಿ ಸುಮ್ಮನಾಗುತ್ತದೆ. ಆ ದಿನ ಹೇಳಿದ್ದನ್ನು ಈಗ ಬರೆದಿಡುತ್ತಿದ್ದೇನೆ.

ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದಿದ್ದ ಕಾಲದಲ್ಲಿ ತೊರೆನಾಡು ಎಂಬ ರಾಜ್ಯವಿತ್ತು. ಅದರ ಅರಮನೆಯ ಹಿಂದೆ ಒಂದು ಬೋಳು ಬೆಟ್ಟ. ಬೆಟ್ಟದ ಅಡಿಯಲ್ಲಿ ಒಂದು ಯಾಳಿ ಮಲಗಿತ್ತು. ಸಿಂಹದ ಮೋರೆ, ಆನೆಯ ಸೊಂಡಿಲು, ಒಂದು ಊರಿನಷ್ಟು ಉದ್ದದ ಬೆನ್ನು. ಅರಮನೆಯ ಗೋಪುರದಲ್ಲಿ ಒಂದು ನಗಾರಿ ಇತ್ತು. ನಗಾರಿಯ ಸದ್ದು ಕೇಳುತ್ತಿರುವವರೆಗೆ ಯಾಳಿ ನಿದ್ದೆ ಮಾಡುತ್ತಿತ್ತು. ಸದ್ದು ನಿಂತರೆ ಏಳುತ್ತಿತ್ತು. ಎದ್ದರೆ ತೊರೆನಾಡು ಉಳಿಯುತ್ತಿರಲಿಲ್ಲ. ಆದ್ದರಿಂದ ಹಗಲೂ ಇರುಳೂ ನಗಾರಿ ಬಾರಿಸುತ್ತಿದ್ದರು.

ಒಬ್ಬ ಮನುಷ್ಯ ನಿಲ್ಲಿಸದೆ ಬಾರಿಸಲಾರ. ಹಾಗಾಗಿ ನಗಾರಿಯವರು ಸರದಿಯ ಮೇಲೆ ಬಾರಿಸುತ್ತಿದ್ದರು. ಒಂದು ಸರದಿಗೆ ಒಂದು 'ಹೆಗಲು' ಎಂದು ಹೆಸರು. ಮುಂದಿನ ಹೆಗಲಿನವರು ಮೊದಲೇ ಬಂದು ಪಕ್ಕದಲ್ಲಿ ನಿಲ್ಲಬೇಕು. ಬಾರಿಸುತ್ತಿರುವವನ ಪೆಟ್ಟಿನ ಮೇಲೆ ತಾವೂ ಪೆಟ್ಟು ಹಾಕಬೇಕು. ಎರಡು ಪೆಟ್ಟೂ ಒಂದೇ ಆಗಿ ಕೇಳಿದ ಮೇಲೆ "ಕೊಂಡೆ" ಎನ್ನಬೇಕು. ಹಳಬ "ಕೊಟ್ಟೆ" ಎಂದು ಕೈ ಎತ್ತಬೇಕು. ನಡುವೆ ಕೂದಲೆಳೆಯಷ್ಟೂ ಸಂದು ಇರುತ್ತಿರಲಿಲ್ಲ.

ನಗಾರಿಯೊಂದೇ ಅಲ್ಲ, ತೊರೆನಾಡಿನಲ್ಲಿ ನಿಲ್ಲಬಾರದ ಕೆಲಸಗಳೆಲ್ಲ ಹೀಗೆಯೇ ನಡೆಯುತ್ತಿದ್ದವು. ಮಳೆಗಾಲದಲ್ಲಿ ಕೆರೆ ಏರಿಯ ಕಾವಲು, ಕಬ್ಬಿನ ಗಾಣ, ಕಾಯಿಲೆ ಮಗುವಿನ ತೊಟ್ಟಿಲು. ಹಸುಳೆಯನ್ನು ಮಡಿಲಿಂದ ಮಡಿಲಿಗೆ ದಾಟಿಸುವಾಗಲೂ ಒಬ್ಬಳು ಕೆಳಗೆ ಕೈಕೊಟ್ಟು "ಕೊಂಡೆ" ಎನ್ನುವಳು, ಇನ್ನೊಬ್ಬಳು "ಕೊಟ್ಟೆ" ಎನ್ನುವಳು. ಯಾರೂ ಯೋಚಿಸಿ ಹೇಳುತ್ತಿರಲಿಲ್ಲ. ಆಕಳಿಕೆಗೆ ಆಕಳಿಕೆ ಬಂದ ಹಾಗೆ ಬರುತ್ತಿತ್ತು.

ನಗಾರಿಯವರಲ್ಲಿ ಬೊಪ್ಪ ಎಂಬ ಯುವಕನಿದ್ದ. ಅವನ ಮುಂದಿನ ಹೆಗಲು ಅವನ ತಂಗಿ ಬಾಚಲೆಯದು. ಅವಳು ಮೆಟ್ಟಿಲು ಹತ್ತುವ ಸದ್ದು ಕೇಳಿದರೆ ಸಾಕು, ಅವನು ಶುರುಮಾಡುತ್ತಿದ್ದ.

"ಬಂದರೇ ಮಹಾರಾಣಿಯವರು? ಪಲ್ಲಕ್ಕಿ ತಡವಾಯಿತೇ?"

"ಸುಮ್ಮನೆ ಬಾರಿಸು. ಬಾಯಿ ಬಿಟ್ಟರೆ ತಾಳ ಬಿಡುತ್ತೀಯ."

"ನಾನು ತಾಳ ಬಿಟ್ಟಿದ್ದರೆ ಯಾಳಿ ನಿನ್ನ ಜಡೆ ಹಿಡಿದು ಎಬ್ಬಿಸುತ್ತಿತ್ತು. ಹೊತ್ತಿಗೆ ಸರಿಯಾಗಿಯಾದರೂ ಬರುತ್ತಿದ್ದೆ."

"ಕೊಂಡೆ."

"ಕೊಟ್ಟೆ, ತಾಯಿ, ಕೊಟ್ಟೆ."

ಆ ರಾಜ್ಯದ ದೊರೆ ಉದಯಾಂಕ ಕೆಟ್ಟವನಲ್ಲ. ಅವನಿಗೆ ಮಾತುಗಳ ಮೇಲೆ ಆಸೆ. ಬಿರುದುಗಳ ಮೇಲೆ ಇನ್ನೂ ಆಸೆ. ನಗಾರಿಯ ದೆಸೆಯಿಂದ ಅವನಿಗೆ 'ಅಖಂಡನಾದೇಶ್ವರ' ಎಂಬ ಬಿರುದಿತ್ತು. ಒಂದು ದಿನ ಅವನ ಸಭೆಗೆ ಏಕಾಂಗ ಎಂಬ ಮಾಂತ್ರಿಕ ಪಂಡಿತನ ವೇಷದಲ್ಲಿ ಬಂದ. ನೋಡಲು ಎಳೆಯ ವಯಸ್ಸು. ಕಣ್ಣು ಮಾತ್ರ ಈಗಷ್ಟೇ ನಿದ್ದೆಯಿಂದ ಎದ್ದಂತೆ. ಹೆಗಲಿಗೆ ಒಂದು ಬಿಳಿಯ ಚೀಲ.

"ದೊರೆಯೇ, ಅಖಂಡ ಎಂದರೆ ಏನು?" ಎಂದು ಕೇಳಿದ.

"ತುಂಡಿಲ್ಲದ್ದು," ಎಂದ ದೊರೆ.

"ನಿನ್ನ ನಗಾರಿಯಲ್ಲಿ ತುಂಡಲ್ಲದೆ ಬೇರೇನಿದೆ? ಒಬ್ಬ ಇಳಿಯುತ್ತಾನೆ, ಒಬ್ಬ ಹತ್ತುತ್ತಾನೆ. ಇವನದೊಂದು ಚೂರು, ಅವಳದೊಂದು ಚೂರು. ಅದು ಹೊಲಿದ ಕೌದಿ. ಕೌದಿಯನ್ನು ಯಾರಾದರೂ ಅಖಂಡ ವಸ್ತ್ರ ಎನ್ನುತ್ತಾರೆಯೇ?"

ಸಭೆಯಲ್ಲಿ ಕೆಲವರು ನಕ್ಕರು. ದೊರೆಯ ಮುಖ ಕೆಂಪಾಯಿತು.

ಮುದಿ ಮಂತ್ರಿ ಸೋವಿದೇವ ಎದ್ದು ನಿಂತ. "ಮಹಾಸ್ವಾಮಿ, ಯಾಳಿ ಎಷ್ಟೋ ತಲೆಮಾರಿನಿಂದ ಈ ಕೌದಿಯನ್ನೇ ಹೊದ್ದು ಮಲಗಿದೆ. ಅದು ದೂರು ಹೇಳಿದ್ದನ್ನು ನಾನಂತೂ ಕೇಳಿಲ್ಲ."

"ಯಾಳಿಗೆ ಬಿರುದಿಲ್ಲ," ಎಂದ ಏಕಾಂಗ. "ನೆರೆಯ ದೊರೆಗಳಿಗೆ ಬಿರುದಿದೆ, ಕಿವಿಯೂ ಇದೆ. ನೀನು ಒಪ್ಪಿದರೆ ನಿಜವಾದ ಅಖಂಡನಾದ ಮಾಡಿಕೊಡುತ್ತೇನೆ. ಒಂದೇ ಕೈ, ಒಂದೇ ನಾದ, ಎಂದೆಂದಿಗೂ."

"ನಿನಗೇನು ಕೊಡಬೇಕು?"

"ಏನೂ ಬೇಡ. ಹೋಗುವ ದಾರಿಯಲ್ಲಿ ಕಂಡ ಬಿಡುವನ್ನು ಎತ್ತಿಕೊಳ್ಳಲು ಅಪ್ಪಣೆಯಾದರೆ ಸಾಕು."

ಬಿಡುವು ಎತ್ತಿಕೊಳ್ಳುವುದೆಂದರೆ ಮರದಡಿ ಮಲಗುವುದು ಎಂದುಕೊಂಡ ದೊರೆ ಅಪ್ಪಣೆ ಕೊಟ್ಟ.

ಏಕಾಂಗ ಗೋಪುರ ಹತ್ತಿದ. ಬೊಪ್ಪನ ಹೆಗಲು ಮುಗಿಯುತ್ತಾ ಬಂದಿತ್ತು. ಏಕಾಂಗ ಅವನ ಎರಡು ಕೈಗಳ ನಡುವೆ ಬೆರಳು ತೂರಿಸಿ, ಒಡೆದ ಹತ್ತಿಕಾಯಿಯಂಥ ಬೆಳ್ಳಗಿನದೊಂದನ್ನು ಎಳೆದು ಚೀಲಕ್ಕೆ ಹಾಕಿಕೊಂಡು ಇಳಿದುಹೋದ. ಅದು ಬೊಪ್ಪನ ಬಿಡುವು.

ಬಾಚಲೆ ಬಂದು ಪಕ್ಕದಲ್ಲಿ ನಿಂತಳು. ಅವಳು ಹಾಕಿದ ಪೆಟ್ಟು ಹತ್ತಿಯ ಮೂಟೆಗೆ ಹಾಕಿದಂತಾಯಿತು, ಸದ್ದೇ ಬರಲಿಲ್ಲ. "ಕೊಂಡೆ," ಎಂದಳು. ಬೊಪ್ಪ ಬಾಯಿ ತೆರೆದ. "ಕೊಟ್ಟೆ" ಎಂಬ ಮಾತು ಹೊರಡಲಿಲ್ಲ. ಕೈ ಬಡಿಯುತ್ತಲೇ ಇತ್ತು.

"ತಮಾಷೆ ಸಾಕು, ಅಣ್ಣಾ. ಕೊಡು."

"ಕೈ ನಿಲ್ಲುತ್ತಿಲ್ಲ, ಬಾಚೀ," ಎಂದ ಬೊಪ್ಪ. "ನಾನು ಬಾರಿಸುತ್ತಿಲ್ಲ. ಅದೇ ಬಾರಿಸುತ್ತಿದೆ."

ಕೆಳಗೆ ಅಂಗಳದಲ್ಲಿ ದೊರೆ ಚಪ್ಪಾಳೆ ತಟ್ಟಿದ.

ಏಕಾಂಗ ಪಡುವಣ ದಾರಿ ಹಿಡಿದ. ದಾರಿಯುದ್ದಕ್ಕೂ ಕಂಡಕಂಡ ಬಿಡುವುಗಳನ್ನು ಎತ್ತಿ ಚೀಲಕ್ಕೆ ತುಂಬಿಕೊಂಡ. ಬೀಸುವ ಹೆಂಗಸು ಕಾಳು ಹಾಕಲು ಕೈ ತಡೆಯುವ ಚಣ, ದನ ಮೆಲುಕಿಗೆ ಮುಂಚೆ ಸುಮ್ಮನೆ ನಿಲ್ಲುವ ಚಣ, ಜಗಳದ ನಡುವೆ ಇಬ್ಬರೂ ಉಸಿರೆಳೆದುಕೊಳ್ಳುವ ಚಣ. ಹೀಗೆ ಕದ್ದ ಬಿಡುವುಗಳೇ ಅವನ ಆಯಸ್ಸು; ಅವುಗಳಿಂದಲೇ ಅವನಿಗೆ ಮುಪ್ಪಿರಲಿಲ್ಲ. ಅವನು ಹಾದುಹೋದಲ್ಲಿ ಹಿಟ್ಟು ಬೀಸಿ ಮುಗಿದರೂ ಕಲ್ಲು ತಿರುಗುತ್ತಿತ್ತು. ನಾಯಿಗಳು ಬೊಗಳಿ ಬೊಗಳಿ ಗಂಟಲು ಹರಿದುಕೊಂಡವು. ಅತ್ತೆ ಸೊಸೆಯರು ಶುರುವಾದ ಕಾರಣ ಮರೆತ ಮೇಲೂ ಜಗಳವಾಡುತ್ತಿದ್ದರು.

ಗೋಪುರದಲ್ಲಿ ಬೊಪ್ಪನಿಗೆ ಗಂಜಿಯನ್ನು ಬಾಯಿಗೆ ಸುರಿಯಬೇಕಾಯಿತು. ಅವನಿಗೆ ನಿದ್ದೆಯಿಲ್ಲ. ಅಂಗೈಯ ಚರ್ಮ ಸುಲಿಯಿತು, ತೋಳು ಒಣಗಿದ ಸೌದೆಯಂತಾಯಿತು. ಅರಮನೆಯ ವೈದ್ಯ ನಾಡಿ ಹಿಡಿಯಲು ಹೋಗಿ, ಕೈ ನಿಲ್ಲದ್ದರಿಂದ ಕತ್ತಿನ ಮೇಲೆ ಬೆರಳಿಟ್ಟು ನೋಡಿ ಹೇಳಿದ: "ಅಮಾವಾಸ್ಯೆಯವರೆಗೆ ಇರುತ್ತಾನೆ. ಆಮೇಲೆ ಇಲ್ಲ."

ಬೊಪ್ಪ ಸತ್ತರೆ ನಗಾರಿ ನಿಲ್ಲುತ್ತದೆ. ಬೇರೆ ಯಾರ ಕೋಲಿಗೂ ಅದು ಸದ್ದು ಕೊಡುತ್ತಿಲ್ಲ. ದೊರೆಗೆ ಆಗ ತಿಳಿಯಿತು. ಅವನು ಬಾಚಲೆಯ ಮುಂದೆ ಬಂದು ನಿಂತು, "ನನ್ನ ಸೇನೆಯನ್ನು ಕಳಿಸುತ್ತೇನೆ," ಎಂದ.

"ಏಕಾಂಗ ಹೋದಂದಿನಿಂದ ಸೇನೆ ಕವಾಯತು ಮಾಡುತ್ತಿದೆ, ಮಹಾಸ್ವಾಮಿ. ನಿಲ್ಲಿಸಲು ಆಗುತ್ತಿಲ್ಲ," ಎಂದ ಸೋವಿದೇವ.

"ಬೊಪ್ಪನ ಮುಂದಿನ ಹೆಗಲು ನನ್ನದು," ಎಂದಳು ಬಾಚಲೆ. "ನಾನೇ ಹೋಗುತ್ತೇನೆ."

ಅವಳು ಹೊರಡುವಾಗ ಬೊಪ್ಪ ಹೇಳಿದ: "ಸರಿಯಾದ ಹೊತ್ತಿಗೆ ಬಂದು ನಿನಗೆ ಅಭ್ಯಾಸವಿಲ್ಲ. ಆದರೂ ನೋಡು."

ಬಾಚಲೆ ಪಡುವಣಕ್ಕೆ ನಡೆದಳು. ಮೊದಲು ಸಿಕ್ಕಿದ್ದು ಕಲ್ಲುಬಾಗಿಲು. ಎರಡು ಬಂಡೆಗಳು ದಾರಿಯ ಎರಡೂ ಕಡೆಯಿಂದ ಬಂದು ಧಡ್ ಎಂದು ಬಡಿದುಕೊಳ್ಳುತ್ತಿದ್ದವು. ಪಕ್ಕದಲ್ಲಿ ಬುತ್ತಿಗಂಟು ಇಟ್ಟುಕೊಂಡು ಒಬ್ಬ ಮುದುಕ ಕೂತಿದ್ದ.

"ಎಲ್ಲಿಗಮ್ಮ? ದಾಟಲಿಕ್ಕೆ ಆಗುವುದಿಲ್ಲ. ಎಡೆಬಿಡದೆ ಬಡಿದುಕೊಳ್ಳುತ್ತವೆ."

"ನೀನು ಯಾವಾಗಿನಿಂದ ಕೂತಿದ್ದೀಯ, ಅಜ್ಜ?"

"ಮೀಸೆ ಮೂಡುವ ಮೊದಲಿನಿಂದ. ಆ ಕಡೆ ಹೆಣ್ಣು ನೋಡಲು ಹೊರಟಿದ್ದೆ."

"ಎಡೆಬಿಡದೆ ಎಂದು ನಿನಗೆ ಹೇಳಿದವರು ಯಾರು?"

"ನಮ್ಮಪ್ಪ. ಅವನೂ ಇಲ್ಲೇ ಕೂತಿದ್ದ."

ಬಾಚಲೆ ಕಣ್ಣು ಮುಚ್ಚಿ ಕೇಳಿಸಿಕೊಂಡಳು. ನಗಾರಿಯವಳಿಗೆ ಕೇಳುವುದೇ ಅರ್ಧ ಕೆಲಸ. ಧಡ್. ಒಂದು ಉಸಿರು. ಧಡ್. ಒಂದು ಉಸಿರು. ಅಷ್ಟು ಚಿಕ್ಕ ಬಿಡುವಿಗೆ ಕೈಹಾಕಲು ಏಕಾಂಗನೂ ಹೆದರಿರಬೇಕು. ಅದು ಅಲ್ಲೇ ಉಳಿದಿತ್ತು.

"ಇದು ಎಡೆಬಿಡದೆ ಅಲ್ಲ, ಅಜ್ಜ. ಇದು ಸತತ. ಸತತ ಕೆಮ್ಮುವವನೂ ನಡುವೆ ಉಸಿರೆಳೆಯುತ್ತಾನೆ. ಮತ್ತೆ ಮತ್ತೆ ಆಗುತ್ತಿದೆ ಎಂದ ಮಾತ್ರಕ್ಕೆ ನಡುವೆ ಜಾಗವಿಲ್ಲ ಎಂದಲ್ಲ."

ಹೀಗೆ ಹೇಳಿ ಪೆಟ್ಟು ಬಿದ್ದ ಮರುಚಣ ಓಡಿದಳು. ದೇಹ ದಾಟಿತು, ಜಡೆ ದಾಟಲಿಲ್ಲ. ಬಂಡೆಗಳ ನಡುವೆ ಸಿಕ್ಕಿ ತುಂಡಾಯಿತು. ಅವಳು ತಿರುಗಿ ಕೂಗಿದಳು: "ನೀನೂ ಬಾ ಅಜ್ಜ, ನಾನು ಹೊತ್ತು ಹೇಳುತ್ತೇನೆ."

ಮುದುಕ ಸ್ವಲ್ಪ ಯೋಚಿಸಿದ. "ಇರಲಿ ಬಿಡು, ತಾಯಿ. ಆ ಹೆಣ್ಣಿಗೂ ಈಗ ಮೊಮ್ಮಕ್ಕಳಿರಬೇಕು."

ಎರಡನೆಯದು ಮಾತಿನ ಕಾಡು. ಅಲ್ಲಿ ಒಂದು ಆಲದ ಮರದಲ್ಲಿ ಗಂಡಭೇರುಂಡ ಕೂತಿತ್ತು. ಒಂದು ದೇಹ, ಎರಡು ತಲೆ. ಅದರ ಮಾತು ಕಿವಿಗೆ ಬಿದ್ದವರ ಕಾಲು ನೆಲಕ್ಕೆ ನಾಟಿಕೊಳ್ಳುತ್ತಿತ್ತು, ಮಾತು ಮುಗಿಯುವವರೆಗೆ ಏಳುತ್ತಿರಲಿಲ್ಲ. ಮಾತು ಮುಗಿಯುತ್ತಲೇ ಇರಲಿಲ್ಲ. ಮರದ ಸುತ್ತ ದಾರಿಹೋಕರು ನಿಂತಿದ್ದರು. ಕೆಲವರ ಮೊಳಕಾಲಿನವರೆಗೆ ಬಳ್ಳಿ ಹಬ್ಬಿತ್ತು.

"...ಆ ಗರುಡನ ಮನೆಯವರಿಗೆ ಮರ್ಯಾದೆಯೇ ಇಲ್ಲ, ನಾಮಕರಣಕ್ಕೆ ಕರೆದು ಒಂದು ಹುಳವನ್ನೂ ಎಲೆಗೆ ಹಾಕಲಿಲ್ಲ," ಎನ್ನುತ್ತಿತ್ತು ಎಡದ ತಲೆ.

"ಹಾಕಲಿಲ್ಲ, ಹಾಕದಿದ್ದರೂ ಹೋಗಲಿ, ಕೂರಲು ಕೊಂಬೆ ತೋರಿಸಿದರೇ," ಎಂದು ಬಲದ ತಲೆ ಎತ್ತಿಕೊಂಡಿತು.

ಬಾಚಲೆಯ ಕಾಲು ನಾಟಿಕೊಂಡವು. ಅವಳು ನಿಂತಲ್ಲೇ ಕೇಳಿದಳು. ಇಲ್ಲಿ ಸಂದಿಲ್ಲ. ಇದು ಅವಿರತ, ಮಾತಿಗೆ ವಿರಾಮವೇ ಇಲ್ಲ. ಆದರೆ ಒಂದು ತಲೆಯ ಉಸಿರು ಮುಗಿಯುವ ಹೊತ್ತಿಗೆ ಇನ್ನೊಂದರ ಕೊರಳಿನ ಗರಿ ನಿಮಿರುತ್ತಿತ್ತು. ಇದರ ಕೊನೆಯ ಮಾತಿನ ಮೇಲೆಯೇ ಅದರ ಮೊದಲ ಮಾತು ಕೂರುತ್ತಿತ್ತು. ಬಾಚಲೆಗೆ ನಗು ಬಂತು. ಇದು ಅವಳ ಗೋಪುರದ ಕೆಲಸವೇ. ಸಂದಿಲ್ಲದಲ್ಲಿ ಹೆಗಲು ಇರುತ್ತದೆ.

ಬಲದ ಕೊರಳಿನ ಗರಿ ನಿಮಿರುತ್ತಿದ್ದಂತೆ ಬಾಚಲೆ, "ಕೊಂಡೆ!" ಎಂದು ಕೂಗಿ ತಾನೇ ಮಾತು ಎತ್ತಿಕೊಂಡಳು. "ಕೊಂಬೆಯ ಮಾತು ಬಿಡು, ನಮ್ಮ ಸೋದರತ್ತೆಯ ಮನೆಗೆ ಹೋದರೆ ಮಣೆಯನ್ನೂ ಹಾಕುವುದಿಲ್ಲ, ಆ ಮಣೆಯಾದರೂ ಅವರದಲ್ಲ, ನಮ್ಮಜ್ಜಿಯದು, ಒಯ್ದವರು ತಂದುಕೊಟ್ಟರೇ..."

ಎರಡು ತಲೆಗಳೂ ಬಾಯಿ ತೆರೆದು ಹಾಗೇ ಉಳಿದವು. ಮಾತಾಡುತ್ತಿರುವವರಿಗೆ ಆ ಕಾಡಿನಲ್ಲಿ ಕಟ್ಟಿಲ್ಲ. ಬಾಚಲೆಯ ಕಾಲು ಎದ್ದವು. ಅವಳು ಸೋದರತ್ತೆ, ಚಿಕ್ಕಪ್ಪ, ಚಿಕ್ಕಪ್ಪನ ಕುಂಟು ಎತ್ತು, ಎಲ್ಲವನ್ನೂ ಬಾಯಿಗೆ ಬಂದಂತೆ ಹೇಳುತ್ತಾ ನಡೆದಳು.

"ಅಕ್ಕಾ," ಎಂದು ಎಡದ ತಲೆ ಪಿಸುಗುಟ್ಟಿತು, "ಇವಳದು ಮುಗಿಯುವ ಹಾಗೆ ಕಾಣುವುದಿಲ್ಲ."

"ಒಳ್ಳೆಯದೇ ಆಯಿತು," ಎಂದು ಬಲದ ತಲೆ ರೆಕ್ಕೆಯಡಿ ತೂರಿಕೊಂಡಿತು. ಎರಡೂ ಮಲಗಿದವು. ನಾಟಿಕೊಂಡಿದ್ದವರೆಲ್ಲ ಬಳ್ಳಿ ಹರಿದುಕೊಂಡು ಊರ ದಾರಿ ಹಿಡಿದರು. ಬಾಚಲೆ ಕಾಡಿನ ಅಂಚು ತಲುಪುವವರೆಗೆ ಮಾತು ನಿಲ್ಲಿಸಲಿಲ್ಲ. ತಲುಪಿದಾಗ ಅವಳ ಗಂಟಲಿನಿಂದ ಒಣ ಎಲೆ ತುಳಿದಂಥ ಸದ್ದು ಮಾತ್ರ ಬರುತ್ತಿತ್ತು.

ಮೂರನೆಯದು ಹಾವು. ಏಕಾಂಗನ ಮನೆಯನ್ನು ಸುತ್ತಿಕೊಂಡು ಅದು ತಿರುಗುತ್ತಿತ್ತು. ಅದಕ್ಕೆ ತಲೆಯಿಲ್ಲ, ಬಾಲವಿಲ್ಲ. ಬಳೆಯಂಥ ಒಂದೇ ಮೈ, ಎಮ್ಮೆಯ ಬೆನ್ನಿನಷ್ಟು ದಪ್ಪ, ಗಾಣದಂತೆ ಸುತ್ತುತ್ತಲೇ ಇತ್ತು. ಹಾರಿ ದಾಟಲು ಹೋದವರನ್ನು ಸೆಳೆದು ಹೊಸೆದು ಬಿಸಾಡಿದ ಗುರುತುಗಳು ಸುತ್ತಲೂ ಇದ್ದವು.

ಬಾಚಲೆ ಕೇಳಿದಳು. ಉಸಿರಿಲ್ಲ. ನೋಡಿದಳು. ಹೆಗಲಿಲ್ಲ. ಸಂದೂ ಇಲ್ಲ, ಸೇರುವೆಯೂ ಇಲ್ಲ. ಅವಳ ಊರಿನಲ್ಲಿ ಅಖಂಡ ಎಂಬ ಮಾತನ್ನು ದೊರೆಯ ಬಿರುದಿಗಲ್ಲದೆ ಬೇರೆ ಯಾವುದಕ್ಕೂ ಬಳಸಿದ್ದನ್ನು ಅವಳು ಕೇಳಿರಲಿಲ್ಲ. ಈಗ ಮೊದಲ ಸಲ ಅಂಥದ್ದನ್ನು ಕಂಡಳು. ಅದರ ನಡುವೆ ನುಗ್ಗಲಾಗದು. ಅದರಿಂದ ಸರದಿ ಕೊಳ್ಳಲಾಗದು. ತಡೆಯಲಂತೂ ಆಗದು.

ಅವಳು ಹಾವಿನ ಪಕ್ಕ, ಅದು ಸಾಗುವ ದಿಕ್ಕಿಗೇ ಓಡತೊಡಗಿದಳು. ಮೊದಲು ಹಿಂದೆ ಬಿದ್ದಳು, ಆಮೇಲೆ ಸಮಸಮ ಬಂದಳು. ಸಮಕ್ಕೆ ಬಂದಾಗ ಹಾವು ನಿಂತಂತೆ ಕಂಡಿತು. ಅದರ ಮೈಮೇಲಿನ ಒಂದೊಂದು ಹುರುಪೆಯನ್ನೂ ಎಣಿಸಬಹುದಿತ್ತು. ನಿಂತ ಎಮ್ಮೆಯ ಮೇಲೆ ಮಕ್ಕಳು ಮಲಗುವ ಹಾಗೆ ಅವಳು ಅದರ ಬೆನ್ನಿನ ಮೇಲೆ ಬೋರಲು ಮಲಗಿದಳು. ಹಾವು ಅವಳನ್ನು ಹೊತ್ತು ಸುತ್ತಿತು. ತನ್ನ ಜೊತೆಗೇ ಸಾಗುವುದನ್ನು ಅದು ಸೆಳೆಯಲಿಲ್ಲ. ಅವಳು ಮೆಲ್ಲನೆ ಒಳಮಗ್ಗುಲಿಗೆ ಜಾರಿ, ಇಳಿದು, ನಾಲ್ಕು ಹೆಜ್ಜೆ ಹಾವಿನ ಜೊತೆಗೇ ಓಡಿ ನಿಂತಳು. ಬಲಗಾಲಿನ ಹಿಮ್ಮಡಿಯನ್ನು ಹುರುಪೆ ಕೊಯ್ದಿತ್ತು.

ಮನೆಗೆ ಬಾಗಿಲಿರಲಿಲ್ಲ. ಒಳಗೆ ಹಗ್ಗದ ಮಂಚದ ಮೇಲೆ ಏಕಾಂಗ ಮಲಗಿದ್ದ. ಚೀಲ ಅವನ ಎದೆಯ ಮೇಲಿತ್ತು, ಎರಡೂ ಕೈ ಅದರ ಮೇಲೆ.

"ಎಳೆದುಕೊಂಡು ಹೋಗಲು ಬಂದೆಯಾ? ಆಗುವುದಿಲ್ಲ," ಎಂದ ಕಣ್ಣು ತೆರೆಯದೆ. "ಈ ಚೀಲವನ್ನು ನಾನಾಗಿ ಕೊಟ್ಟರೆ ಮಾತ್ರ ಬರುತ್ತದೆ. ನಾನು ಯಾಕೆ ಕೊಡಲಿ?"

"ನಮ್ಮಣ್ಣ ಸಾಯುತ್ತಾನೆ."

"ಸಾಯಲಿ. ಯಾಳಿ ಏಳಲಿ. ತೊರೆನಾಡು ಹೋಗಲಿ."

"ತೊರೆನಾಡು ನಿನಗೇನು ಮಾಡಿತು?"

ಏಕಾಂಗ ಕಣ್ಣು ತೆರೆದ. "ನಾನೂ ನಗಾರಿಯವನೇ. ನಿನ್ನ ದೊರೆಯ ಮುತ್ತಜ್ಜನ ಕಾಲದಲ್ಲಿ. ಒಂದು ದಿನ ನನ್ನ ಮುಂದಿನ ಹೆಗಲಿನವನು ಬರಲಿಲ್ಲ."

"ಯಾಕೆ?"

"ಯಾರದೋ ಮದುವೆಯೂಟವಂತೆ. ಉಂಡು ಮಲಗಿದ್ದನಂತೆ. ನನ್ನ ಸರದಿ ಮುಗಿಯಿತು. ಅವನದನ್ನೂ ಬಾರಿಸಿದೆ. ಅದರ ಆಚೆಯದನ್ನೂ ಬಾರಿಸಿದೆ. ಮೆಟ್ಟಿಲಲ್ಲಿ ಸದ್ದಾಗುತ್ತದೆಯೇ ಎಂದು ಕಿವಿ ಅತ್ತಲೇ. ಕೈಯಲ್ಲಿ ರಕ್ತ. ಕೂಗಿದರೆ ಕೇಳುವವರಿಲ್ಲ, ನಗಾರಿಯ ಸದ್ದಿನಲ್ಲಿ ಯಾರಿಗೆ ಕೇಳೀತು? ಕೊನೆಗೆ ಬಂದವರು ಏನೆಂದರು ಗೊತ್ತೇ? 'ನಿಲ್ಲಲಿಲ್ಲವಲ್ಲ, ಒಳ್ಳೆಯದಾಯಿತು' ಎಂದರು. ಊರಿಗೆ ನಗಾರಿ ನಿರಂತರ. ನನಗೆ? ನಿರಂತರ ಎಂದು ನೀವು ಹೇಳುವುದು ಇನ್ನೊಬ್ಬ ಬರುತ್ತಾನೆ ಎಂಬ ನಂಬಿಕೆಯನ್ನು. ಬರದಿದ್ದರೆ ಅದು ಬರೀ ಒಬ್ಬನ ಕೈ. ಆ ನಂಬಿಕೆ ನನಗೆ ಬೇಡವಾಯಿತು."

ಬಾಚಲೆ ಆ ಒಡೆದ ಗಂಟಲಿನಲ್ಲಿ, "ಅವನು ಬರಬೇಕಿತ್ತು," ಎಂದಳು. "ಅದು ತಪ್ಪೇ. ಅದಕ್ಕೆ ಬೇರೆ ಹೆಸರಿಲ್ಲ."

ಏಕಾಂಗ ಅವಳನ್ನೇ ನೋಡಿದ. ಆ ಮಾತನ್ನು ಯಾರೂ ಅವನಿಗೆ ಹೇಳಿರಲಿಲ್ಲ.

ಅವಳು ಮಂಚದ ಪಕ್ಕಕ್ಕೆ ಬಂದು, ಗೋಪುರದಲ್ಲಿ ನಿಲ್ಲುವ ಹಾಗೆಯೇ ನಿಂತಳು. ಎರಡೂ ಅಂಗೈಯನ್ನು ಚೀಲದ ಕೆಳಗೆ ಕೊಟ್ಟಳು. ಎಳೆಯಲಿಲ್ಲ. ಅವನು ಉಸಿರಾಡಿದ ಹಾಗೆ ತಾನೂ ಉಸಿರಾಡಿದಳು. ಎರಡು ಉಸಿರೂ ಒಂದಾದವು.

"ಕೊಂಡೆ," ಎಂದಳು.

"ಕೊಟ್ಟೆ," ಎಂದ ಏಕಾಂಗ.

ತೊರೆನಾಡಿನವನಲ್ಲದ ಯಾವ ಮಾಂತ್ರಿಕನೂ ಆ ತಪ್ಪು ಮಾಡುತ್ತಿರಲಿಲ್ಲ. ಹೇಳಿಯಾದ ಮೇಲೆ ಅವನಿಗೆ ಅರಿವಾಯಿತು. ಆಗ ಅವನ ಕೈ ಚೀಲದಿಂದ ಎದ್ದಿತ್ತು. ಅವನು ಅದನ್ನು ಹಿಂದಕ್ಕೆ ಚಾಚಲು ನೋಡಿದ. ಕೈ ಸುಕ್ಕುಗಟ್ಟಿ ನಡುಗಿತು. ಕೂದಲು ಬಿಳಿಯಾಯಿತು, ಹಲ್ಲು ಉದುರಿದವು. "ತಡಮಾಡಿ ಬಂದೆ," ಎಂದ. ಬೈದನೋ ಬೇರೇನೋ, ಬಾಚಲೆಗೆ ತಿಳಿಯಲಿಲ್ಲ. ಮಗ್ಗುಲಾಗಿ ಮಲಗಿದ. ಮತ್ತೆ ಏಳಲಿಲ್ಲ. ಹೊರಗೆ ಹಾವು ಮಣ್ಣಿನ ದಿಣ್ಣೆಯಾಗಿ ಬಿದ್ದಿತ್ತು.

ಬಾಚಲೆ ಕುಂಟುತ್ತಾ ಹಿಂತಿರುಗಿದಳು. ಚೀಲದ ಬಾಯಿ ಬಿಚ್ಚಿದೊಡನೆ ಬಿಡುವುಗಳು ಹತ್ತಿಯಂತೆ ಹಾರಿ ತಮ್ಮ ತಮ್ಮ ಮನೆ ಸೇರಿದವು. ಬೀಸುವ ಕಲ್ಲುಗಳು ನಿಂತವು. ನಾಯಿಗಳು ಮಲಗಿದವು. ಸೈನಿಕರು ಎಲ್ಲಿದ್ದರೋ ಅಲ್ಲೇ ಕುಸಿದು ಗೊರಕೆ ಹೊಡೆದರು. ಬೊಪ್ಪನ ಬಿಡುವನ್ನು ಮಾತ್ರ ಅವಳು ಹಾರಲು ಬಿಡದೆ ಸೆರಗಿನಲ್ಲಿ ಕಟ್ಟಿಕೊಂಡಳು. ಅದು ಈಗ ಹತ್ತಿಕಾಯಿಯಷ್ಟಿರಲಿಲ್ಲ. ಅವನಿಗೆ ಸಿಗದೆಹೋದ ಒಂದೊಂದು ಹೆಗಲಿನ ಬಿಡುವೂ ಅದಕ್ಕೆ ಸೇರಿ ಕುಂಬಳಕಾಯಿಯಷ್ಟಾಗಿತ್ತು.

ಅಮಾವಾಸ್ಯೆಗೆ ಇನ್ನೂ ಒಂದು ದಿನವಿತ್ತು. ಸೋವಿದೇವ ಸೆರಗಿನ ಗಂಟನ್ನು ನೋಡಿ ಕೂತುಬಿಟ್ಟ. "ಇಷ್ಟು ದೊಡ್ಡ ಬಿಡುವು ಒಮ್ಮೆಲೇ ಅವನ ಕೈಗೆ ಬಿದ್ದರೆ ನಗಾರಿ ಅಷ್ಟು ಹೊತ್ತು ಸುಮ್ಮನಿರುತ್ತದೆ. ಅದು ಮುಗಿಯುವವರೆಗೆ ನಿನ್ನ ಪೆಟ್ಟಿಗೂ ಸದ್ದಿರುವುದಿಲ್ಲ. ಯಾಳಿ ಏಳದಿದ್ದರೂ ಒಮ್ಮೆ ಹೊರಳುತ್ತದೆ. ಅದು ಹೊರಳಿದರೆ ಬೆಟ್ಟದ ಬಡಗು ಮಗ್ಗುಲು ಕುಸಿಯುತ್ತದೆ."

ಬಡಗು ಮಗ್ಗುಲಿನಲ್ಲಿ ಹಸುರಗಲ್ಲು ಎಂಬ ಊರಿತ್ತು. ಅಲ್ಲಿಯವರನ್ನು ಎಬ್ಬಿಸಲು ದೊರೆ ತಾನೇ ಹೋದ. ಊರಿನ ಹಿರಿಯಳು ದೇಕವ್ವೆ ಎಂಬ ಮುದುಕಿ. ಸೊಂಟಕ್ಕೆ ಕೈಯಿಟ್ಟು ದೊರೆಯ ಎದುರು ನಿಂತಳು.

"ಒಬ್ಬ ನಗಾರಿಯವನಿಗಾಗಿ ನಾವು ಊರು ಬಿಡಬೇಕೇ?"

"ಅವನು ನಾಳೆ ಸತ್ತರೆ ಎಲ್ಲ ಊರೂ ಹೋಗುತ್ತದೆ, ಅವ್ವ."

"ಅವನನ್ನು ಸಾಯುವಂತೆ ಮಾಡಿದವರು ಯಾರು? ನೆಟ್ಟಗೆ ಹೇಳು, ದೊರೆ. ಯಾವುದಕ್ಕಾಗಿ ನಾವು ಊರು ಬಿಡುತ್ತಿದ್ದೇವೆ?"

ದೊರೆ ನೆಲ ನೋಡಿದ. "ನನ್ನ ಬಿರುದಿಗಾಗಿ," ಎಂದ.

"ಹಾಂ. ಹಾಗೆ ಹೇಳು," ಎಂದು ದೇಕವ್ವೆ ಗಂಟುಮೂಟೆ ಕಟ್ಟಿಸಿದಳು. ಮಧ್ಯಾಹ್ನದ ಹೊತ್ತಿಗೆ ಊರು ಖಾಲಿಯಾಯಿತು.

ಗೋಪುರದಲ್ಲಿ ಬೊಪ್ಪನ ಮುಖ ಗುರುತು ಸಿಗುವಂತಿರಲಿಲ್ಲ. ತಂಗಿಯ ಮೋಟುಗೂದಲು ನೋಡಿ, "ಜಡೆ ಎಲ್ಲಿ?" ಎಂದ. "ಬಾಡಿಗೆಗೆ ಕೊಟ್ಟಿದ್ದೇನೆ," ಎಂದಳು. ಅವನು ನಗಲು ನೋಡಿದ.

ಅವಳು ಪಕ್ಕದಲ್ಲಿ ನಿಂತು ಕೋಲು ಎತ್ತಿ ಹಿಡಿದು, ಎಡಗೈಯಿಂದ ಸೆರಗಿನ ಗಂಟು ಬಿಚ್ಚಿ ಬಿಡುವನ್ನು ಅವನ ಅಂಗೈಗಳ ನಡುವೆ ಇಟ್ಟಳು.

ನಗಾರಿ ನಿಂತಿತು.

ತೊರೆನಾಡಿನಲ್ಲಿ ಹುಟ್ಟಿದ ಯಾರೂ ಆ ಮೌನವನ್ನು ಅದುವರೆಗೆ ಕೇಳಿರಲಿಲ್ಲ. ಬೀದಿಯಲ್ಲಿದ್ದವರು ಕಿವಿ ಮುಟ್ಟಿ ನೋಡಿಕೊಂಡರು. ಬೆಟ್ಟದ ಅಡಿಯಿಂದ ಒಂದು ನಿಟ್ಟುಸಿರು ಬಂತು. ನೆಲ ಅಲುಗಿತು. ಬಾಚಲೆ ಬಾರಿಸುತ್ತಿದ್ದಳು, ಸದ್ದಿಲ್ಲ. ಬೆಟ್ಟದ ಬಡಗು ಮಗ್ಗುಲು ಮೆಲ್ಲನೆ ಬಾಗಿತು, ಆಮೇಲೆ ಮೆಲ್ಲನೆ ಅಲ್ಲ. ದೂಳಿನ ನಡುವೆ ಒಂದು ದಂತದ ತುದಿ ಕಾಣಿಸಿತು. ಬಾಚಲೆ ಬಾರಿಸುತ್ತಲೇ ಇದ್ದಳು. ಬಿಡುವು ಅಂಗೈಯಲ್ಲಿ ಕರಗಿ ಕರಗಿ ಮುಗಿಯಿತು. ಮುಗಿದ ಚಣದಲ್ಲಿ ಅವಳ ಪೆಟ್ಟಿಗೆ ನಗಾರಿ ಧಂ ಎಂದಿತು.

"ಕೊಂಡೆ," ಎಂದಳು ಬಾಚಲೆ.

"ಕೊಟ್ಟೆ," ಎಂದು ಬೊಪ್ಪ ಅಲ್ಲೇ ನೆಲದ ಮೇಲೆ ಉರುಳಿ ನಿದ್ದೆಹೋದ. ಬೆಟ್ಟದ ಅಡಿಯಲ್ಲಿ ಯಾಳಿಯೂ ನಿದ್ದೆಹೋಯಿತು.

ಅಲ್ಲಿಂದ ಮುಂದೆ ತೊರೆನಾಡಿನವರು ಉಂಡುಟ್ಟು ನೆಮ್ಮದಿಯಾಗಿ ಬಾಳಿದರು. ದೊರೆ ಬಿರುದನ್ನು ಕೈಬಿಟ್ಟ. ನಗಾರಿಯವರು ಸರದಿಗೆ ಇಬ್ಬರಂತೆ ಗೋಪುರ ಹತ್ತತೊಡಗಿದರು. ಒಬ್ಬರು ಬಾರಿಸಲು, ಒಬ್ಬರು ಮುಂದಿನವರು ಬರದಿದ್ದರೆ ಇಳಿದುಹೋಗಿ ಕರೆತರಲು. ಬೊಪ್ಪ ಬದುಕಿದ. ಅವನ ಬಲಗೈ ಮತ್ತೆ ಭುಜದ ಮಟ್ಟಕ್ಕೆ ಏಳಲಿಲ್ಲ. ಅವನು ನಗಾರಿಗೆ ಚರ್ಮ ಬಿಗಿಯುವ ಕೆಲಸ ಕಲಿತ. ಬಾಚಲೆಗೆ ಜಡೆ ಬೆಳೆಯಿತು, ಹಿಮ್ಮಡಿ ಮಾಯಿತು, ದನಿ ಬರಲಿಲ್ಲ. ಹಸುರಗಲ್ಲಿನ ಮನೆಗಳು, ಎರಡು ಬಾವಿ, ಭತ್ತದ ಗದ್ದೆ, ಹಿರಿಯರ ಸಮಾಧಿಗಳು ಮಣ್ಣಿನಡಿ ಹೋದವು. ಆ ಊರಿನವರಿಗೆ ದೊರೆ ತನ್ನ ತೋಟ ಬಿಟ್ಟುಕೊಟ್ಟ. ಅವರು ಅಲ್ಲಿ ಮನೆ ಕಟ್ಟಿಕೊಂಡರು.

ದೇಕವ್ವೆ ಆ ದಿನ ಎಲ್ಲರನ್ನೂ ದಾಟಿಸಿದ ಮೇಲೆ, ಕೊಟ್ಟಿಗೆಯಲ್ಲಿ ಒಂದು ಹಸು ಕಟ್ಟಿದ ಹಾಗೇ ಉಳಿದಿದೆ ಎಂದು ನೆನಪಾಗಿ ಬಿಚ್ಚಲು ಹೋಗಿದ್ದಳು. ಹಸು ಬಂತು. ಅವಳು ಬರಲಿಲ್ಲ.